ನರ್ಸ್ ತಪ್ಪಿದರೆ ಆಸ್ಪತ್ರೆಗೂ ಹೊಣೆ

ನನ್ನ ಅಕ್ಕ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ರಾತ್ರಿ ಡ್ಯೂಟಿ ಮುಗಿಸಿ ಬಂದ ಒಂದು ಬೆಳಿಗ್ಗೆ, "ನಾಳೆ ಕೆಲಸಕ್ಕೆ ಸೇರಿದ ಮೇಲೆ ನನ್ನ ಕೈಯಿಂದ ಇಂಜೆಕ್ಷನ್ ತಪ್ಪಿದರೆ ಏನು ಗತಿ?" ಎಂದಳು. "ಬೆಳಿಗ್ಗೆ ಬೆಳಿಗ್ಗೆ ಅಂಥ ಮಾತೇಕೆ ಮಗಳೇ" ಎಂದು ಉಮ್ಮ ಗದರಿದರು. ಕಾಮರ್ಸ್ ಓದುವ ನನಗೆ ಮಾತ್ರ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಹುಡುಕಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೌಕರ ತನ್ನ ಕೆಲಸದ ಭಾಗವಾಗಿ ಮಾಡಿದ ತಪ್ಪಿನಿಂದ ಇನ್ನೊಬ್ಬರಿಗೆ ಹಾನಿಯಾದರೆ ಪರಿಹಾರದ ಹೊಣೆ ಮಾಲೀಕನ ಮೇಲೂ ಬೀಳುತ್ತದೆ. ಇದು ಹಳೆಯ ನಿಯಮ. ಆದರೆ ಆಸ್ಪತ್ರೆಗಳು ಬಹುಕಾಲ ಇದರಿಂದ ನುಣುಚಿಕೊಂಡವು. ಆಪರೇಷನ್ ಥಿಯೇಟರಿನೊಳಗೆ ನರ್ಸ್ ಸರ್ಜನ್ನರ ಮಾತಿನಂತೆ ನಡೆಯುವವಳು, ಆಸ್ಪತ್ರೆಯ ಅಧೀನದಲ್ಲಿಲ್ಲ ಎಂದು 1909ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಹೇಳಿತ್ತು. ಸಂಬಳ ಕೊಡುವವರು ಒಬ್ಬರು, ಹೊಣೆ ಇನ್ನೊಬ್ಬರದು! 1951ರ ಹೊತ್ತಿಗೆ ಅಲ್ಲಿನ ನ್ಯಾಯಾಲಯಗಳೇ ಆ ವಾದವನ್ನು ಕೈಬಿಟ್ಟವು.

ನಮ್ಮ ದೇಶದಲ್ಲಿ ಮುಖ್ಯವಾದದ್ದು ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣ. 1993ರ ಡಿಸೆಂಬರಿನಲ್ಲಿ ಟೈಫಾಯಿಡ್ ಎಂದು ಮಗುವೊಂದನ್ನು ಅಲ್ಲಿ ದಾಖಲಿಸಿದ್ದರು. ನರ್ಸ್ ಬರೆದುಕೊಟ್ಟ ಇಂಜೆಕ್ಷನನ್ನು ತಂದೆ ಹೊರಗಿನಿಂದ ತಂದರು. ಅದು ವೈದ್ಯರು ಕೊಡಬೇಕೆಂದಿದ್ದ ಔಷಧವಲ್ಲ, ಲ್ಯಾರಿಯಾಗೊ. ನರಕ್ಕೆ ಚುಚ್ಚಿದ ಕೂಡಲೇ ಮಗು ಕುಸಿಯಿತು, ಹೃದಯ ನಿಂತಿತು. ಜೀವ ಉಳಿಯಿತು, ಆದರೆ ಮೆದುಳಿಗಾದ ಹಾನಿ ವಾಸಿಯಾಗಲಿಲ್ಲ. ವಿಚಾರಣೆಯಲ್ಲಿ ತಿಳಿದದ್ದು: ಆಕೆ ಯಾವ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲೂ ನೋಂದಣಿಯಾದವಳಲ್ಲ. ಅಂಥವಳ ಕೈಗೆ ಸಿರಿಂಜ್ ಕೊಟ್ಟವರು ಯಾರು?

ರಾಷ್ಟ್ರೀಯ ಗ್ರಾಹಕ ಆಯೋಗ ಮಗುವಿಗೆ 12.5 ಲಕ್ಷ, ತಂದೆತಾಯಿಯ ಮನೋವೇದನೆಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಚಿಕಿತ್ಸೆ ಪಡೆದದ್ದು ಮಗು, ತಂದೆತಾಯಿ ಗ್ರಾಹಕರಾಗುವುದು ಹೇಗೆ ಎಂದು ಆಸ್ಪತ್ರೆ ವಾದಿಸಿತು. ಇಬ್ಬರೂ ಗ್ರಾಹಕರೇ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು.

ಸರ್ಕಾರಿ ಆಸ್ಪತ್ರೆಗಳಿಗೂ ವಿನಾಯಿತಿಯಿಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಕಡೆ ಗ್ರಾಹಕ ಆಯೋಗಕ್ಕೆ ಹೋಗಲಾಗದು, ಸಿವಿಲ್ ಕೋರ್ಟಿಗೆ ಹೋಗಬಹುದು.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. "ಹಾಗಾದರೆ ನನಗೇನೂ ಆಗುವುದಿಲ್ಲವಾ?" ಎಂದಳು. ಹಾಗಲ್ಲ. ಆಸ್ಪತ್ರೆ ಹಣ ಕಟ್ಟಿದರೂ ನರ್ಸಿನ ತಪ್ಪು ಅಳಿಯುವುದಿಲ್ಲ. ಘೋರ ನಿರ್ಲಕ್ಷ್ಯವಾದರೆ ಕ್ರಿಮಿನಲ್ ಕೇಸು ಅವಳ ಮೇಲೇ ಬರುತ್ತದೆ, ನೋಂದಣಿಗೂ ಕುತ್ತು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸಕ್ಕೆ ಸೇರುವ ಮೊದಲು ಸಂಬಳದ ಜೊತೆ ಇನ್ನೊಂದನ್ನೂ ಕೇಳಬೇಕು, ರಾತ್ರಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಅಂತ" ಎಂದಳು.