ಅಂಚಿನಲ್ಲಿ ಹರಿಯುವ ವಿದ್ಯುತ್ತು

ಕೆರೆಬಿಳಚಿಯ ಸಮೀಪದ ಶಾಂತಿಸಾಗರವನ್ನು, ಅರ್ಥಾತ್ ಸೂಳೆಕೆರೆಯನ್ನು, ನೋಡಿದವರಿಗೆ ಒಂದು ವಿಷಯವು ಸುಲಭವಾಗಿ ತಿಳಿಯುವುದು. ನಡುನೀರಿನಲ್ಲಿ ನಡೆಯಲು ದಾರಿಯಿಲ್ಲ; ನಡೆಯಬೇಕಾದವರು ಏರಿಯನ್ನೇ ಹಿಡಿಯಬೇಕು. ವಿದ್ಯುತ್ತಿಗೂ ಇಂತಹದೇ ನಿಯಮವನ್ನು ವಿಧಿಸುವ ಪದಾರ್ಥಗಳುಂಟು. ಅವುಗಳ ಒಡಲು ಗಾಜಿನಂತೆ ಅವಾಹಕ. ಅಂಚು ಮಾತ್ರ ವಾಹಕ. ಅವಕ್ಕೆ ದ್ವಿಪರಿಮಾಣದ ಟೋಪೋಲಾಜಿಕಲ್ ಅವಾಹಕಗಳೆಂದು ಹೆಸರು.

ತಾಮ್ರದ ತಂತಿಯಲ್ಲಿ ಇಲೆಕ್ಟ್ರಾನುಗಳು ಎಡವಿ, ಹಿಂದಿರುಗಿ, ಶಕ್ತಿಯನ್ನು ಶಾಖವಾಗಿ ಕಳೆಯುವುವು. ಈ ಅಂಚಿನಲ್ಲಾದರೋ, ಬುಗುರಿಯಂತೆ ಒಂದು ಬಗೆಯಾಗಿ ತಿರುಗುವವು ಮುಂದಕ್ಕೂ, ಅದಕ್ಕೆ ವಿರುದ್ಧವಾಗಿ ತಿರುಗುವವು ಹಿಂದಕ್ಕೂ ಸಾಗುವುವು. ಹಿಂದಿರುಗಬೇಕಾದರೆ ತಿರುಗುವ ಬಗೆಯನ್ನೇ ಬದಲಿಸಬೇಕು; ಕಾಂತಗುಣವಿಲ್ಲದ ಸಣ್ಣ ಕಲ್ಮಷವು ಅದನ್ನು ಮಾಡಿಸಲಾರದು. ಉದ್ದಿನ ವಡೆಯನ್ನು ಎಷ್ಟು ಹಿಗ್ಗಿಸಿದರೂ, ಹರಿಯುವವರೆಗೆ ಅದರ ತೂತು ಒಂದೇ ಅಲ್ಲವೆ? ಅಂತೆಯೇ ಈ ಅಂಚಿನ ದಾರಿಯೂ ಒಡಲಿನ ಗುಣದಿಂದಲೇ ಉಂಟಾದುದು, ಮೇಲೆ ಬಳಿದುದಲ್ಲ.

ಇಂತಹ ಪೊರೆಯನ್ನು ಬೆಳೆಯಿಸುವುದು ತಾಳ್ಮೆಯ ಕೆಲಸ. ಗಾಳಿಯನ್ನು ಆದಷ್ಟೂ ಹೊರದೂಡಿದ ಪಾತ್ರೆಯೊಳಗೆ ಮೂಲವಸ್ತುಗಳನ್ನು ಕಾಯಿಸುವರು. ಅವುಗಳ ಪರಮಾಣುಗಳು ಬೆಚ್ಚಗಿನ ಹರಳಿನ ಹಲಗೆಯ ಮೇಲೆ ಪದರಪದರವಾಗಿ ಕುಳಿತುಕೊಳ್ಳುವುವು. ಮೇಲ್ಮೈಯನ್ನು ಸವರಿ ಹೋಗುವ ಇಲೆಕ್ಟ್ರಾನುಗಳ ಕಿರಣದ ಹೊಳಪು ಪದರಕ್ಕೊಮ್ಮೆ ಏರಿ ಇಳಿಯುವುದರಿಂದ ಪದರಗಳನ್ನು ಎಣಿಸಬಹುದು. ಪಾದರಸದ ಟೆಲ್ಯುರೈಡಿನ ಪೊರೆಯು ಸುಮಾರು ೬.೩ ನ್ಯಾನೋಮೀಟರಿಗಿಂತ ದಪ್ಪವಾದರೆ ಮಾತ್ರ ಈ ಗುಣವು ತೋರುವುದು. ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು!

ಇದನ್ನು ೨೦೦೬ರಲ್ಲಿ ಗಣಿತದಿಂದ ಊಹಿಸಿದರು. ೨೦೦೭ರಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದ ಪರಿಶೋಧಕರು ತೀವ್ರ ಶೈತ್ಯದಲ್ಲಿ ಅಳೆದು ತೋರಿಸಿದರು. ಪೊರೆಯ ಅಗಲವನ್ನು ಅರ್ಧಮಾಡಿದರೂ ವಾಹಕತೆ ಕುಂದಲಿಲ್ಲ. ಪ್ರವಾಹವು ಒಡಲಿನಲ್ಲಿಲ್ಲ, ಅಂಚಿನಲ್ಲಿದೆಯೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕೆ? ೨೦೧೭ರಲ್ಲಿ ಅಲ್ಲಿಯವರೇ ಸಿಲಿಕಾನ್ ಕಾರ್ಬೈಡಿನ ಮೇಲೆ ಒಂದೇ ಪರಮಾಣುವಿನಷ್ಟು ದಪ್ಪದ ಬಿಸ್ಮತ್ ಪೊರೆಯನ್ನು ಬೆಳೆಯಿಸಿದರು. ಅದು ಕೊಠಡಿಯ ಉಷ್ಣದಲ್ಲಿಯೂ ಉಪಯೋಗಕ್ಕೆ ಬರಬಹುದೆಂಬ ಆಸೆಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಬಿಸ್ಮತ್ ಸೆಲೆನೈಡ್ ಮೊದಲಾದ ಬಂಧುಪದಾರ್ಥಗಳ ಪರಿಶೋಧನೆ ನಡೆದಿದೆ.

ಆದರೆ ಕಾರ್ಯವು ಮುಗಿದಿಲ್ಲ. ಅಂಚು ಉದ್ದವಾದಂತೆಲ್ಲ ಪ್ರವಾಹಕ್ಕೆ ಅಡ್ಡಿ ಹೆಚ್ಚುವುದು. ದೋಷವಿಲ್ಲದ ಪೊರೆ ದೊರೆತಲ್ಲಿ ಯಂತ್ರಗಳಲ್ಲಿ ವ್ಯರ್ಥವಾಗುವ ಶಕ್ತಿಯಲ್ಲಿ ಸ್ವಲ್ಪವಾದರೂ ಉಳಿದೀತು. ಕಣ್ಣಿಗೆ ಕಾಣದ ಪದರವೊಂದನ್ನು ಶುದ್ಧವಾಗಿಡುವ ಈ ಕೆಲಸಕ್ಕೆ ನಮ್ಮ ಸೋದರಿಯರಲ್ಲಿ ಒಬ್ಬಿಬ್ಬರಾದರೂ ಕೈಹಚ್ಚಲೆಂದು ನಾವು ಹಾರೈಸುತ್ತೇವೆ.