ಬೆಟ್ಟದ ಹಾದಿಯಲ್ಲಿ ಗ್ಯಾಸ್ ಕಾರು ಮುಗ್ಗರಿಸಿದರೆ ಸೆನ್ಸರ್ ಒಂದನ್ನೇ ದೂರಬೇಕೆ?

ಕೊಳ್ಳೇಗಾಲ: ಊರೊಳಗೆ ಸರಾಗವಾಗಿ ಓಡಿದ ಕಾರು ಹನೂರು ದಾಟಿ, ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದ ತಿರುವುಗಳನ್ನೇರುವಾಗ ಮುಗ್ಗರಿಸುತ್ತದೆ. ಮೀಟರಿನ ಬಳಿ ಎಂಜಿನ್ ಚಿಹ್ನೆಯ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸಿದವರಿಗೆ ಎದುರಾಗಬಹುದಾದ ಪಾಡಿದು. ಗ್ಯಾರೇಜಿನಲ್ಲಿ ಮೊದಲ ಅನುಮಾನ ಆಕ್ಸಿಜನ್ ಸೆನ್ಸರ್ ಮೇಲೆ. ಸಾವಿರಾರು ರೂಪಾಯಿ ತೆತ್ತು ಅದನ್ನು ಬದಲಿಸಿದ ಮೇಲೂ ದೀಪ ಮತ್ತೆ ಹೊತ್ತಿಕೊಂಡರೆ ಅಚ್ಚರಿಯೇನಿಲ್ಲ.

ಸೀಕ್ವೆನ್ಷಿಯಲ್ ಕಿಟ್ ಅಳವಡಿಸಿದ ಕಾರಿನಲ್ಲಿ ಎರಡು ಇಸಿಯುಗಳಿರುತ್ತವೆ. ಪೆಟ್ರೋಲ್ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಕಾರಿನ ಮೂಲ ಇಸಿಯು ಲೆಕ್ಕ ಹಾಕುತ್ತದೆ. ಕಿಟ್‌ನ ಇಸಿಯು ಆ ಲೆಕ್ಕವನ್ನು ಅನಿಲದ ಒತ್ತಡ, ಉಷ್ಣತೆಗೆ ತಕ್ಕಂತೆ ತಿದ್ದಿ ಗ್ಯಾಸ್ ಇಂಜೆಕ್ಟರ್ ತೆರೆಯುತ್ತದೆ. ಫಿಲ್ಟರ್ ಕಟ್ಟಿಕೊಂಡೋ ಟ್ಯೂನಿಂಗ್ ತಪ್ಪಿಯೋ ಅನಿಲ ಕಡಿಮೆಯಾದರೆ ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿಯುತ್ತದೆ. ಸೆನ್ಸರ್ ಅದನ್ನು ಇದ್ದದ್ದು ಇದ್ದಂತೆ ಹೇಳುತ್ತದೆ. ಮೂಲ ಇಸಿಯು ಇಂಧನ ಹೆಚ್ಚಿಸುತ್ತಾ ಹೋಗಿ, ತನ್ನ ಮಿತಿ ಮುಟ್ಟಿದಾಗ ದೀಪ ಬೆಳಗುತ್ತದೆ. ಆಗ ಸೆನ್ಸರ್ ಬದಲಿಸುವುದೆಂದರೆ ಕಳ್ಳನನ್ನು ಬಿಟ್ಟು ಸಾಕ್ಷಿಯನ್ನು ಹಿಡಿದಂತೆ.

ಆದ್ದರಿಂದ ಮೊದಲು ಪೆಟ್ರೋಲ್‌ಗೆ ಬದಲಿಸಿ ಕೆಲವು ಕಿಲೋಮೀಟರ್ ಓಡಿಸಿ ನೋಡಬೇಕು. ತೊಂದರೆ ಮಾಯವಾದರೆ ದೋಷ ಗ್ಯಾಸ್ ಭಾಗದಲ್ಲಿದೆ. ಪೆಟ್ರೋಲ್‌ನಲ್ಲೂ ಮುಂದುವರಿದರೆ ಸ್ಪಾರ್ಕ್ ಪ್ಲಗ್, ಕಾಯಿಲ್‌ಗಳ ಜೊತೆಗೆ ಗ್ಯಾಸ್ ನಾಜಲ್‌ಗಾಗಿ ಮ್ಯಾನಿಫೋಲ್ಡ್‌ನಲ್ಲಿ ಕೊರೆದ ರಂಧ್ರಗಳ ಬಳಿ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸುವುದು ಅಗತ್ಯ. ಅನಿಲ ಅಗ್ಗವೆಂದು ಪೆಟ್ರೋಲ್ ಟ್ಯಾಂಕ್ ಬರಿದಾಗಿಟ್ಟವರಿಗೆ ಈ ಪರೀಕ್ಷೆಯೂ ಇಲ್ಲ, ತಿರುವಿನಲ್ಲಿ ನಿಂತರೆ ಆಸರೆಯೂ ಇಲ್ಲ.

ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಪರೀಕ್ಷೆಗೆ ಈ ಭಾಗದ ಬೆಟ್ಟಗಳೇ ಅಳತೆಗೋಲು. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ 101 ಕಿಲೋಪಾಸ್ಕಲ್ ಇರುವ ಒತ್ತಡ, ಸುಮಾರು 600 ಮೀಟರ್ ಎತ್ತರದ ಕೊಳ್ಳೇಗಾಲದಲ್ಲಿ 94ರ ಆಸುಪಾಸು, ಮಹದೇಶ್ವರ ಬೆಟ್ಟದಲ್ಲಿ 90ರ ಸಮೀಪ ಇರುತ್ತದೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ತುದಿಗೇರಿದರೆ ಸುಮಾರು 85. ಬೆಟ್ಟವೇರಿದರೂ ಅಂಕಿ 94ರಲ್ಲೇ ನಿಂತಿದ್ದರೆ ಸೆನ್ಸರ್ ಅನ್ನು ಶಂಕಿಸಬಹುದು. ಎಂಜಿನ್ ಚಾಲೂ ಆಗಿ ನಿಧಾನಗತಿಯಲ್ಲಿರುವಾಗ ಇದು ಸಾಮಾನ್ಯವಾಗಿ 30ರಿಂದ 40ಕ್ಕೆ ಇಳಿಯಬೇಕು. ಇಳಿಯದಿದ್ದರೆ ಸೆನ್ಸರಿನ ಸಣ್ಣ ರಬ್ಬರ್ ಪೈಪ್ ಬಿರುಕುಬಿಟ್ಟಿದೆಯೇ ನೋಡಬೇಕು. ಅಂದಹಾಗೆ, ತೆಳುಗಾಳಿಯಿಂದ ರಂಗನ ಬೆಟ್ಟದಲ್ಲಿ ಟರ್ಬೊ ಇಲ್ಲದ ಎಂಜಿನ್ ಕೊಳ್ಳೇಗಾಲಕ್ಕಿಂತ ಶೇ 10ರಷ್ಟು ಶಕ್ತಿ ಕಳೆದುಕೊಳ್ಳುವುದು ಸಹಜ, ಅದು ದೋಷವಲ್ಲ.

ಕಾರು ಗ್ಯಾಸಿಗೆ ಬದಲಾಗಲು ನಿರಾಕರಿಸಿದರೆ ರೆಡ್ಯೂಸರ್‌ನ ಉಷ್ಣತಾ ಸೆನ್ಸರ್‌ಗಿಂತ ಮೊದಲು, ಎಂಜಿನ್ ತಣ್ಣಗಾದ ಮೇಲೆ, ಕೂಲೆಂಟ್ ಮಟ್ಟ ನೋಡುವುದು ಲೇಸು. ಬಿಸಿ ಕೂಲೆಂಟ್ ತಲುಪದಿದ್ದರೆ ರೆಡ್ಯೂಸರ್ ನಿಜವಾಗಿಯೂ ತಣ್ಣಗಿರುತ್ತದೆ. ಹೊಸ ಭಾಗ ಕೊಳ್ಳುವ ಮುನ್ನ ಸೆನ್ಸರ್‌ಗೆ 5 ವೋಲ್ಟ್ ಬರುತ್ತಿದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ಮಲ್ಟಿಮೀಟರ್‌ನಿಂದ ಅಳೆಯಲು ಮೆಕ್ಯಾನಿಕ್‌ಗೆ ಹೇಳಬಹುದು.

ಬಿಎಸ್-6 ಪೆಟ್ರೋಲ್ ವಾಹನಗಳಿಗೆ ಕಿಟ್ ಅಳವಡಿಸಲು ಕೇಂದ್ರ ಸಾರಿಗೆ ಸಚಿವಾಲಯ 2022ರ ಆಗಸ್ಟ್‌ನಲ್ಲಿ ಅವಕಾಶ ನೀಡಿತು. ಅನುಮೋದಿತ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ನಮೂದಾಗಿರಬೇಕು. ಅನಿಲದ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಗೂ ಇಳಿಯಬಾರದು: ಎಂಜಿನ್ ನಿಲ್ಲಿಸಿ, ಎಲ್ಲರೂ ಕೆಳಗಿಳಿದು, ಸಿಲಿಂಡರ್ ವಾಲ್ವ್ ಮುಚ್ಚಿ, ಅಧಿಕೃತ ಕಿಟ್ ಕೇಂದ್ರದವರನ್ನು ಕರೆಸಬೇಕು.