ಎಐ ಹೇಳಿದ ದಿನ ಬಿತ್ತಿದರೆ ಬೆಳೆ ಗ್ಯಾರಂಟಿಯೇ?

ಮುಂಗಾರು ಹತ್ತಿರವಾದಂತೆ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶ ಓಡಾಡುತ್ತದೆ: "ಮಳೆ ಯಾವಾಗ ಎಂದು ಇನ್ನು ಎಐ ಹೇಳುತ್ತದೆ, ಅದು ಹೇಳಿದ ದಿನ ಬಿತ್ತಿ, ನಷ್ಟವೇ ಇಲ್ಲ." ಅದರ ಕೆಳಗೇ ಇನ್ನೊಬ್ಬರು, "ಎಲ್ಲ ಸುಳ್ಳು, ಹಿರಿಯರ ಮಿರಗದ ಲೆಕ್ಕವೇ ಸರಿ" ಎಂದಿರುತ್ತಾರೆ. ಎರಡರಲ್ಲೂ ಇರುವುದು ಅರ್ಧ ಸತ್ಯ.

ನವಲಗುಂದ ತಾಲೂಕಿನ ಮೊರಬದಂಥ ಊರಿನಲ್ಲಿ ಒಕ್ಕಲುತನವೂ ಬಂಡವಾಳ ಹೂಡುವ ವ್ಯವಹಾರವೇ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಎಲ್ಲಕ್ಕೂ ಬಿತ್ತುವ ಹೊತ್ತಿಗೇ ದುಡ್ಡು ಬೇಕು. ಮೊದಲ ಮಳೆಗೆ ಹೆಸರು ಬಿತ್ತಿ, ಆಮೇಲೆ ಮಳೆ ಕೈಕೊಟ್ಟರೆ ಮೊಳಕೆ ಒಣಗುತ್ತದೆ. ಮತ್ತೆ ಬೀಜ, ಮತ್ತೆ ಸಾಲ. ಕಾಯುತ್ತ ಕೂತರೂ ಕಷ್ಟ: ಹೆಸರು ತಡವಾದರೆ ಹಿಂಗಾರಿಯ ಕಡಲೆ, ಜೋಳಕ್ಕೆ ಹೊಲ ಹೊತ್ತಿಗೆ ಸರಿಯಾಗಿ ಖಾಲಿಯಾಗದು.

2025ರಲ್ಲಿ ಆಗಿದ್ದೇನು?

ಆ ವರ್ಷ ಮುಂಗಾರು ಮೇ 24ರಂದೇ ಕೇರಳ ಮುಟ್ಟಿತು. ವಾಡಿಕೆ ಜೂನ್ 1. ಆದರೆ ಉತ್ತರಕ್ಕೆ ಸಾಗುವ ದಾರಿಯಲ್ಲಿ ಅದು ಸುಮಾರು 20 ದಿನ ನಿಂತುಬಿಟ್ಟಿತು. ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎಸ್ಸೆಮ್ಮೆಸ್‌ನಲ್ಲಿ ಕಳಿಸಿದ ಎಐ ಮುನ್ಸೂಚನೆ ಈ ತಡೆಯನ್ನು ಗುರುತಿಸಿತ್ತು. ಮಳೆ ಹಿಡಿಯುವವರೆಗೂ ವಾರವಾರ ಹೊಸ ಸಂದೇಶ ಹೋಯಿತು.

ಇದರ ಹಿಂದೆ ಗೂಗಲ್‌ನ ನ್ಯೂರಲ್‌ಜಿಸಿಎಂ ಮತ್ತು ಯುರೋಪಿನ ಹವಾಮಾನ ಕೇಂದ್ರದ ಎಐಎಫ್‌ಎಸ್ ಎಂಬ ಎರಡು ಮಾದರಿಗಳಿದ್ದವು. ಜೊತೆಗೆ ಭಾರತದ ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆ. ಮಳೆಮಾಪಕದ ನೀರು ಅಳೆದು, ಪುಸ್ತಕದಲ್ಲಿ ಬರೆದಿಟ್ಟವರು ಮನುಷ್ಯರೇ. ಎಐ ಗೆದ್ದಿತು ಎಂಬ ಸುದ್ದಿಯಲ್ಲಿ ಅವರ ಪ್ರಸ್ತಾಪ ಬರುವುದಿಲ್ಲ, ಅದು ಬೇರೆ ಮಾತು.

ಮಧ್ಯಪ್ರದೇಶ, ಬಿಹಾರಗಳಲ್ಲಿ ಕಿಸಾನ್ ಕಾಲ್ ಸೆಂಟರ್‌ಗಳಿಂದ ಫೋನ್ ಮಾಡಿ ಕೇಳಿದಾಗ 31ರಿಂದ 52% ರೈತರು ಹೊಲದ ತಯಾರಿ, ಬಿತ್ತನೆಯ ಸಮಯ, ಬೆಳೆ ಅಥವಾ ಬೀಜ-ಗೊಬ್ಬರದ ಆಯ್ಕೆಯಲ್ಲಿ ಏನಾದರೂ ಬದಲಿಸಿಕೊಂಡಿದ್ದಾಗಿ ತಿಳಿಯಿತು. ಉಳಿದವರು ಬದಲಿಸಲಿಲ್ಲ. ಅದನ್ನು ದಡ್ಡತನ ಎನ್ನಲಾಗದು.

ಏಕೆಂದರೆ ಮುನ್ಸೂಚನೆ ಕೊಡುವುದು ದೊಡ್ಡ ಪ್ರದೇಶದ ಸಾಧ್ಯತೆಯನ್ನು, ನಿಮ್ಮ ಹೊಲದ ತಾರೀಖನ್ನಲ್ಲ. ಎರೆ ಹೊಲ ಹಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಸಾರಿ ಬೇಗ ಆರುತ್ತದೆ. ಹದ ಎಷ್ಟು ಆಳ ಇಳಿದಿದೆ, ಕೂರಿಗೆ ಹೂಡಬಹುದೇ, ಮನೆಯಲ್ಲಿ ಇನ್ನೊಮ್ಮೆ ಬಿತ್ತುವಷ್ಟು ಬೀಜ ಇದೆಯೇ ಎಂಬುದು ಹೊಲಕ್ಕೆ ಹೋದವರಿಗೇ ಗೊತ್ತು. ಮಿರಗದ ಲೆಕ್ಕಕ್ಕೂ ಒಂದು ಮಿತಿ ಇದೆ: ಮಳೆಗಾಲ ಸಾಮಾನ್ಯವಾಗಿ ಯಾವಾಗ ಶುರು ಎಂದು ಅದು ಹೇಳುತ್ತದೆ, ಈ ಸಲ ನಡುವೆ ತಡೆ ಬೀಳುತ್ತದೆಯೇ ಎಂದಲ್ಲ.

ಎರಡನ್ನೂ ಕೂಡಿಸಿದರೆ ಲೆಕ್ಕ ಬದಲಾಗುತ್ತದೆ. ಮಳೆ ನಿಲ್ಲುವ ಸೂಚನೆ ಇದ್ದರೆ ಹದ ಗಟ್ಟಿಯಾಗಿರುವ ಹೊಲವನ್ನಷ್ಟೇ ಬಿತ್ತಿ, ಉಳಿದ ಬೀಜವನ್ನು ಕಟ್ಟಿಡಬಹುದು. ಬೀಜದಂಗಡಿಯವರೂ ಮರುಬಿತ್ತನೆಗೆ ಎಷ್ಟು ದಾಸ್ತಾನು ಬೇಕೆಂದು ಅಂದಾಜು ಮಾಡಬಹುದು.

ಫಾರ್ವರ್ಡ್ ಮಾಡುವ ಮುನ್ನ ಸಂದೇಶದಲ್ಲಿ ಮೂರು ವಿಷಯ ನೋಡಿ: ಕೊಟ್ಟವರು ಯಾರು, ಯಾವ ಪ್ರದೇಶಕ್ಕೆ, ಯಾವ ದಿನ ಕೊಟ್ಟದ್ದು. ಈ ಮುನ್ಸೂಚನೆಗಳು ವಾರವಾರ ಬದಲಾಗುತ್ತವೆ, ಹೋದ ವಾರದ್ದನ್ನು ಕಳಿಸಬೇಡಿ. ಅನುಮಾನವಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮ ಊರಿನ ಹೆಸರು ಹೇಳಿ ಕೇಳಿ.